ಪ್ರವಚನದ ನಂತರವೂ ಹತ್ತು ಜನ ಬೇಕು

...ಹಾಗಾಗಿ, ಮಾನ್ಯರೇ, ನಿನ್ನೆ ಬೇಕರಿಯ ಮುಂದೆ ತಾವು "ಸಾಲೊಮೊನ್, ನಾಳೆ ಮಾತಾಡೋಣ, ಪ್ರವಚನ ತಯಾರಾಗಬೇಕು" ಎಂದು ಕೈಬೀಸಿ ಹೊರಟ ಜಾಗದಿಂದಲೇ ಮುಂದುವರಿಸುತ್ತೇನೆ. ವಿಯ್ಯಾ ಕ್ರೆಸ್ಪೊ ಬಡಾವಣೆಯ ಯೆಹೂದಿಗಳಾದ ನಮ್ಮ ಪುಟ್ಟ ಪ್ರಾರ್ಥನಾಮಂದಿರದ, ಅಂದರೆ ಸಿನಗಾಗ್‌ನ, ಗುರುಗಳೂ, ಸರಕಾರಕ್ಕಾಗಲಿ ಸಭಿಕರಿಗಾಗಲಿ ಹೆದರದವರೂ ಆದ ರಬ್ಬಿ ಉರಿಯೆಲ್ ಗ್ರಿನ್‌ಸ್ಪುನ್ ಅವರಿಗೆ, ಮೂರನೇ ಬೆಂಚಿನ ಸಾಲೊಮೊನ್ ಯುಸಿಮ್ ಮಾಡುವ ವಂದನೆಗಳು. ಇಂಥ ಪತ್ರವನ್ನು 'ವಿತ್ ಡ್ಯೂ ರೆಸ್ಪೆಕ್ಟ್' ಎಂದು ಶುರುಮಾಡಿ ಆಮೇಲೆ ಬೈಯಬೇಕೆಂದು ಕಾಲೇಜಿನ ಇಂಗ್ಲಿಷ್ ಮೇಷ್ಟ್ರು ಕಲಿಸಿದ್ದರು. ಬೈಯುವ ಭಾಗ ಮರೆತುಹೋಗಿರುವುದರಿಂದ ತಾವು ನಿಶ್ಚಿಂತೆಯಿಂದ ಓದಬಹುದು.

ಮೊದಲಿಗೆ ಅಭಿನಂದನೆ. ತಾವು ಒಂದು ಶುಕ್ರವಾರ ಆ ದೂರದ ಯುದ್ಧದ ಬಗ್ಗೆ ಗುಡುಗಿದಿರಿ. ಔಷಧದಂಗಡಿಯ ಮೌರಿಸಿಯೊ ತನ್ನ ಕಡೆಯವರನ್ನೆಲ್ಲ ಕರೆದುಕೊಂಡು ಪ್ರವಚನದ ನಡುವೆಯೇ ಎದ್ದು ಹೋದ. ಮುಂದಿನ ಶುಕ್ರವಾರ, ಎರಡೂ ಕಡೆಗೆ ನ್ಯಾಯವಾಗಲೆಂದೋ ಏನೋ, ಅದೇ ಯುದ್ಧದ ಬಗ್ಗೆ ಮೆತ್ತಗೆ ಮಾತಾಡಿದಿರಿ. ಈ ಸಲ ನಿವೃತ್ತ ಶಿಕ್ಷಕಿ ರಾಕೆಲ್ ತನ್ನ ಕಡೆಯವರನ್ನು ಕರೆದುಕೊಂಡು ಎದ್ದು ಹೋದರು. ಗುಡುಗಿದರೂ ಮೆತ್ತಗಾದರೂ ಬೆಂಚು ಖಾಲಿ ಮಾಡಿಸಬಲ್ಲ ವಾಗ್ಮಿಯನ್ನು ನನ್ನ ಆಯುಸ್ಸಿನಲ್ಲಿ ಇನ್ನೊಬ್ಬರನ್ನು ಕಂಡಿಲ್ಲ.

ತೊಂದರೆ ಇಷ್ಟೇ. ಸತ್ತವರಿಗಾಗಿ ಹೇಳುವ ಕದ್ದಿಶ್ ಪ್ರಾರ್ಥನೆ ನಮ್ಮಲ್ಲಿ ಪ್ರವಚನವಾದ ಮೇಲೆ, ಎಲ್ಲಕ್ಕಿಂತ ಕೊನೆಗೆ ಬರುತ್ತದೆ, ಮತ್ತು ಹತ್ತು ಜನ ಇಲ್ಲದೆ ಅದನ್ನು ಹೇಳುವಂತಿಲ್ಲ. ಕಳೆದ ಶುಕ್ರವಾರ ದೋರಾ ಅಮ್ಮ ತನ್ನ ಅಣ್ಣನಿಗಾಗಿ ಎದ್ದು ನಿಂತು, ಸುತ್ತ ನೋಡಿ, ನಾವು ಒಂಬತ್ತೇ ಮಂದಿ ಎಂದು ಕಂಡು, ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಕೂತರು. ತಾವು ಆಗ ಪ್ರವಚನ ಚಿತ್ರಿಸಿದ ಕ್ಯಾಮೆರಾವನ್ನು ಆಫ್ ಮಾಡುವುದರಲ್ಲಿ ಮಗ್ನರಾಗಿದ್ದಿರಿ. ಇವತ್ತು ನನ್ನ ಹೆಂಡತಿ ಪೋಲಾ ತೀರಿಕೊಂಡು ಒಂದು ವರ್ಷ. ಇವತ್ತು ಎದ್ದು ನಿಲ್ಲಬೇಕಾದವನು ನಾನು.

ಎದ್ದುಹೋದವರನ್ನು ಹುಡುಕಿಕೊಂಡು ಹೋಗಿದ್ದೆ. ಒಂದೇ ರಸ್ತೆಯ ಆಚೆಯ ಕೆಫೆಯಲ್ಲಿ ಒಂದು ಗುಂಪು, ಈಚೆಯ ಕೆಫೆಯಲ್ಲಿ ಇನ್ನೊಂದು. "ಬಾರಯ್ಯಾ, ನೀನೊಬ್ಬ ಬಂದ್ರೆ ನಾವಿಲ್ಲಿ ಹತ್ತಾಗ್ತೀವಿ, ರಬ್ಬಿ ಗೊಡವೆಯೇ ಬೇಡ," ಎಂದ ಮೌರಿಸಿಯೊ. ರಾಕೆಲ್ ಕುರ್ಚಿ ಎಳೆದು, "ಆ ಮಾತ್ರೆ ಮಾರೋನ ಜೊತೆ ಪೋಲಾ ಹೆಸರು ಹೇಳ್ತೀರಾ? ಇಲ್ಲಿ ಕೂತ್ಕೊಳ್ಳಿ, ನಮಗೂ ಒಬ್ಬರೇ ಕಡಿಮೆ," ಎಂದರು. ಇಳಿವಯಸ್ಸಿನಲ್ಲಿ ಮೂರು ಕಡೆಯವರಿಗೂ ಇಷ್ಟು ಬೇಕಾದವನಾಗುವ ಭಾಗ್ಯ ತಮ್ಮಿಂದಲೇ ಬಂತು.

ತಾವು ರಾಜಕೀಯ ಮಾತಾಡಬಾರದೆಂದು ನಾನು ಹೇಳುತ್ತಿಲ್ಲ. ಮಿಲಿಟರಿಯವರು ದೇಶ ಆಳುತ್ತಿದ್ದ ಕಾಲದಲ್ಲಿ ತಮ್ಮ ಹಿಂದಿನ ರಬ್ಬಿಯವರು ಕಾಣೆಯಾದ ಹುಡುಗರ ಬಗ್ಗೆ ಅದೇ ವೇದಿಕೆಯಿಂದ ಮಾತಾಡಿದರು, ಹೊರಗೆ ಮಿಲಿಟರಿಯವರ ನಂಬರಿಲ್ಲದ ಕಾರು ನಿಂತಿತ್ತು. ಪೋಲಾ ಬೆಂಚಿನಿಂದಲೇ, "ರಬ್ಬಿ, ನಿಮ್ಮ ಮಾತಿಗೆ ನಾಳೆ ನಮ್ಮ ಮಕ್ಕಳನ್ನ ಎತ್ಕೊಂಡು ಹೋದ್ರೆ?" ಎಂದು ಕೇಳಿಬಿಟ್ಟಳು. ಅವರು, "ಗೊತ್ತಿಲ್ಲ ಪೋಲಾ. ನನಗೂ ಹೆದರಿಕೆ ಇದೆ," ಎಂದರು. ಆಮೇಲೆ ಒಂದು ಗಂಟೆ ಜಗಳ. ಯಾರೂ ಎದ್ದುಹೋಗಲಿಲ್ಲ, ಜಗಳ ಒಳಗೇ ಇದ್ದಾಗ ಹೊರಗೆ ಯಾಕೆ ಹೋಗುತ್ತಾರೆ? ತಾವಾದರೋ ಕ್ಯಾಮೆರಾಗೆ ಮಾತಾಡಿ, ಮುಗಿದ ಕೂಡಲೇ "ಎಲ್ಲರೂ ಎದ್ದು ನಿಲ್ಲಿ" ಎನ್ನುತ್ತೀರಿ. ನಮಗೆ ಉತ್ತರ ಕೊಡಲು ಉಳಿದಿರುವುದು ಕಾಲು ಮಾತ್ರ.

ಆದ್ದರಿಂದ ತಮ್ಮಲ್ಲಿ ಪ್ರಾರ್ಥನೆ: ಕ್ಯಾಮೆರಾವನ್ನು ಹತ್ತನೆಯವರೆಂದು ಎಣಿಸಲು ಧರ್ಮಶಾಸ್ತ್ರದಲ್ಲಿ ದಾರಿಯಿದ್ದರೆ ದಯವಿಟ್ಟು ಹುಡುಕಿಕೊಡಿ, ಕೊನೆಯವರೆಗೂ ಕದಲದೆ ಕೇಳುವುದು ಅದೊಂದೇ. ಇಲ್ಲವಾದರೆ ಬೆಂಚುಗಳಿಗೆ ವಿಮಾನದಲ್ಲಿರುವಂಥ ಬೆಲ್ಟು ಹಾಕಿಸಿ. ಅದೂ ಆಗದಿದ್ದರೆ, ಅಸಾಧ್ಯವೆಂದು ಗೊತ್ತಿದ್ದೂ ಕೇಳುತ್ತಿದ್ದೇನೆ, ಮಾತು ಮುಗಿಸಿ ಒಂದು ಕ್ಷಣ ನಮ್ಮ ಕಡೆ ನೋಡಿ.

ತಮ್ಮ ಕೊನೆಯ ಮಾತಿನವರೆಗೂ ಕೂತಿರುವ ತಮ್ಮ ವಿಶ್ವಾಸಿ,
ಸಾಲೊಮೊನ್ ಯುಸಿಮ್

ತಾ.ಕ.: ತಮ್ಮನ್ನು ಕೇಳದೆ ಒಂದು ಕೆಲಸ ಮಾಡಿದ್ದೇನೆ. ಇವತ್ತು ರಬ್ಬಿಗೆ ಬೆಂಚಿನಿಂದಲೇ ಎದುರುತ್ತರ ಕೊಡಬಹುದಂತೆ ಎಂದು ಎರಡೂ ಕೆಫೆಗಳಲ್ಲಿ ಹೇಳಿ ಬಂದೆ. ಮೌರಿಸಿಯೊ ಅಂಗಡಿ ಬೇಗ ಮುಚ್ಚುತ್ತಾನಂತೆ; ರಾಕೆಲ್ ತನ್ನ ತಂಗಿಯನ್ನೂ ಕರೆತರುತ್ತಾರಂತೆ. ಇಷ್ಟು ಜನ ಬೈಯಲು ತಯಾರಾಗಿ ಬರುವಾಗ ತಾವು ಹೂವು, ಹಕ್ಕಿ, ಸಹಬಾಳ್ವೆ ಎಂದು ಶುರುಮಾಡಿದರೆ ನಿರಾಸೆಯಿಂದ ಎದ್ದುಹೋದಾರು. ಕೈಮುಗಿದು ಕೇಳುತ್ತೇನೆ, ಯಾರಿಗೂ ಸಹಿಸಲಾಗದಂಥದ್ದನ್ನು ಏನಾದರೂ ಹೇಳಿ. ಕದ್ದಿಶ್‌ವರೆಗೂ ಜಗಳ ನಡೆಯುವಷ್ಟು. ಇನ್ನೂ ಬರೆಯುವುದಿತ್ತು, ಆದರೆ ಎದುರು ಮನೆಯ ಗೋಡೆಯ ಮೇಲಿನ ಬಿಸಿಲು ಆಗಲೇ ತಾರಸಿಗೆ ಏರಿದೆ. ಸೂರ್ಯ ಮುಳುಗಿ ವಿಶ್ರಾಂತಿಯ ದಿನವಾದ ಸಬ್ಬತ್ ಬಂದರೆ ಪೆನ್ನು ಮುಟ್ಟುವಂತಿಲ್ಲ, ಅಷ್ಟರೊಳಗೆ ಇದನ್ನು ತಮ್ಮ ಬಾಗಿಲಿಗೆ ಅಂಟಿಸಬೇಕು, ಪೋಲಾಳ ನೆನಪಿನ ದೀಪವನ್ನೂ ಹಚ್ಚಬೇಕು.