ಜಾಡಿಯಲ್ಲಿ ನೆನೆದ ಅಗ್ನಿಶಾಮಕ ಗಾಡಿ

ಕಿನುಕೊ ಆರು ತಿಂಗಳು ಕೂತು ಜೋಡಿಸಿ ಬಣ್ಣ ಬಳಿದ ಪುಟ್ಟ ಅಗ್ನಿಶಾಮಕ ಗಾಡಿಯ ಚೀಟಿಯಿಂದ ಅವಳ ಹೆಸರು ಹೊಡೆದು, ಮೇಲ್ವಿಚಾರಕ ಕತ್ಸುಮಾತ ತನ್ನ ಹೆಸರು ಬರೆದುಕೊಂಡ.

ಸೋಮವಾರ ಕಾರ್ಖಾನೆಯ ಸ್ಪರ್ಧೆಯಲ್ಲಿ ಗಾಡಿಗೆ ಮೊದಲ ಸ್ಥಾನ ಬಂತು. ಹೆಸರು ಸರಿ ಮಾಡಿ ಎಂದು ಕಿನುಕೊ ಕೇಳಿದಾಗ, "ಗಾಡಿ ವಿಭಾಗದ್ದು, ವಿಭಾಗ ನನ್ನದು" ಎಂದಿದ್ದ. ಬುಧವಾರ ಬೆಳಿಗ್ಗೆ ಅವನೇ ಗಾಡಿಯನ್ನು ಎತ್ತಿಕೊಂಡು ಅವಳ ಮೇಜಿಗೆ ಬಂದ.

"ಕಿನುಕೊ ಸಾನ್, ಇದರ ಬಣ್ಣ ಬಿಡಿಸಿ ಬಿಳಿ ಹೊಡೀಬೇಕಲ್ಲ. ನಾಲ್ಕು ಗಂಟೆಗೆ ಯಜಮಾನರು ನೋಡೋಕೆ ಬರ್ತಾರೆ. ಅವರಿಗೆ ಕೆಂಪು ಆಗಲ್ಲ."

"ಬೆಂಕಿ ಆರಿಸೋ ಗಾಡಿ ಕೆಂಪಗಿರದೆ ಇನ್ನು ಹೇಗಿರುತ್ತೆ?"

"ಆ ಕೆಂಪು ಬಾವುಟದ ಮುಷ್ಕರ ಆದಾಗಿಂದ ಅವರು ಬುತ್ತೀಲಿರೋ ಕೆಂಪು ಪ್ಲಮ್ ಉಪ್ಪಿನಕಾಯಿಯನ್ನೂ ಪಕ್ಕಕ್ಕೆ ಸರಿಸ್ತಾರೆ."

"ನಿಮ್ಮ ಹೆಸರಿನ ಗಾಡಿ. ನೀವೇ ಬಳೀರಿ."

"ನನ್ನ ಕೈ ನಡುಗುತ್ತೆ. ಮೊದಲ ಸ್ಥಾನ ಬಂದ ಮೇಲೆ ಶುರುವಾಗಿದೆ." ಹೊರಟವನು ತಿರುಗಿ ನಿಂತ. "ಮತ್ತೆ, ಕೈಗವಸು ಮಾತ್ರ ತೆಗೀಬೇಡಿ. ಸುರಕ್ಷತೆ ಮುಖ್ಯ."

ಸುರಕ್ಷತೆಯ ವಿಷಯದಲ್ಲಿ ಶಿಜುವೊಕದ ಈ ಕಾರ್ಖಾನೆಯನ್ನು ಯಾರೂ ಆಡಿಕೊಳ್ಳುವಂತಿರಲಿಲ್ಲ. ಪ್ಲಾಸ್ಟಿಕ್ ಮಾದರಿಗಳ ಬಿಡಿಭಾಗ ಎರೆಯುವ ಇನ್ನೂರು ಮಂದಿ ದಿನಾ ಬೆಳಿಗ್ಗೆ ಸಾಲಾಗಿ ನಿಂತು, ಒಂದು ಕೈಯ ಬೆರಳಿನಿಂದ ಇನ್ನೊಂದು ಕೈ ತೋರಿಸಿ, "ಕೈಗವಸು, ಸರಿ!" ಎಂದು ಕೂಗಲೇಬೇಕು. ಎಂಟು ವರ್ಷದ ಹಿಂದೆ ಅಚ್ಚಿನ ಯಂತ್ರ ಕಿನುಕೊಳ ಬಲಗೈ ಹೆಬ್ಬೆರಳನ್ನು ಅಡ್ಡಕ್ಕೆ ಸೀಳಿದಾಗ ಕಾರ್ಖಾನೆ ಎರಡು ಪರಿಹಾರ ಕೊಟ್ಟಿತ್ತು. ಒಂದು ಡಬ್ಬಿ ಚಹಾಪುಡಿ, ಮತ್ತು ಈ ಕೂಗು.

ಸುದ್ದಿ ಹಬ್ಬಿದ್ದೇ ತಡ, ಉಪಕಾರಿಗಳು ಇರುವೆಯಂತೆ ಮುತ್ತಿದರು. ಪೊಟ್ಟಣ ಕಟ್ಟುವ ಓಬಾಜ್ಜಿ ಉಗುರುಬಣ್ಣ ಅಳಿಸುವ ಶೀಶೆ ತಂದಳು. "ಎರಡು ಉಜ್ಜು ಸಾಕು ಕಣೆ." ಬೇಡ ಎನ್ನುವಷ್ಟರಲ್ಲಿ ಏಣಿಗೆ ಉಜ್ಜಿಯೂ ಆಗಿತ್ತು. ಏಣಿ ಬೆಂದ ಶಾವಿಗೆಯಂತೆ ಬಾಗಿ ಕೂತಿತು.

ಉಗ್ರಾಣದ ಮಸುಯಿ ಥಿನ್ನರ್ ಡಬ್ಬಿ ಹೊತ್ತು ತಂದ. "ಕಬ್ಬಿಣದ ಬಾಗಿಲಿನ ಬಣ್ಣಾನೇ ಕೀಳುತ್ತೆ ಇದು." ಅವನು ಅದ್ದಿದ ಚಕ್ರ ಅಗಿದು ಬಿಟ್ಟ ಅಂಟಕ್ಕಿಯ ಮೋಚಿ ಉಂಡೆಯಾಗಿ ಹೊರಬಂತು.

"ಬಾಗಿಲು ಕಬ್ಬಿಣದ್ದು, ಗಾಡಿ ಪ್ಲಾಸ್ಟಿಕ್ಕಿಂದು, ಮಸುಯಿ ಸಾನ್," ಎಂದು ಕಿನುಕೊ ಇಬ್ಬರನ್ನೂ ದೂರ ಸರಿಸಿದಳು.

ಚಳಿಗಾಲದಲ್ಲಿ ಪೆಟ್ರೋಲ್ ಟ್ಯಾಂಕಿನ ನೀರು ಹೀರಲು ಸುರಿಯುವ ದ್ರಾವಣವನ್ನು ಚಾಲಕರ ಕಪಾಟಿನಿಂದ ತಂದಳು. ಬಣ್ಣವನ್ನು ಬಿಡಿಸಿ ಪ್ಲಾಸ್ಟಿಕ್ಕನ್ನು ಮುಟ್ಟದೆ ಬಿಡುವ ಮಾಲು ಅದೇ ಎಂದು ಅವಳಿಗೆ ಗೊತ್ತಿತ್ತು. ಗಾಜಿನಂಥ ಕಿಟಕಿಗಳು ಅದರಲ್ಲಿ ಬಿರಿಯುತ್ತವೆಂದು ಮೊದಲೇ ಬಿಚ್ಚಿಟ್ಟಳು. ಓಬಾಜ್ಜಿಯ ಮೂಲಂಗಿ ಉಪ್ಪಿನಕಾಯಿಯ ಖಾಲಿ ಜಾಡಿಯಲ್ಲಿ ಗಾಡಿ ಮುಳುಗಿಸಿ, ಮುಚ್ಚಳ ಬಿಗಿದು, ಕೋಣೆಯ ಕಿಟಕಿ ತೆರೆದಳು. ಅಷ್ಟರಲ್ಲಿ ಮಸುಯಿ ಒಲೆ ಹಿಡಿದು ಮತ್ತೆ ಹಾಜರು.

"ಬೆಚ್ಚಗೆ ಮಾಡಿದ್ರೆ ಬೇಗ ಬಿಡುತ್ತೆ ಅಲ್ವಾ?"

"ಹೊತ್ಕೊಂಡು ಉರಿಯುತ್ತೆ. ಆರಿಸೋಣ ಅಂದ್ರೆ ಗಾಡಿ ಜಾಡಿಯೊಳಗಿದೆ."

ಊಟದ ಹೊತ್ತು ಕಳೆಯುವಷ್ಟರಲ್ಲಿ ಬಣ್ಣ ಅಜ್ಜಿಯ ಕೆನ್ನೆಯಂತೆ ಸುಕ್ಕುಗಟ್ಟಿತು. ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿದಳು. ಕೆಂಪು ಹರಿದುಹೋಗಿ ಗಾಡಿಯ ಮಾಸಲು ಬಿಳಿ ಮಾಡು ಬೆತ್ತಲಾದಾಗ ಅವಳ ಕೈ ನಿಂತುಬಿಟ್ಟಿತು.

ಮಾಡಿನ ಮಧ್ಯೆ ಹೆಬ್ಬೆಟ್ಟಿನ ಗುರುತು. ಅಡ್ಡಕ್ಕೊಂದು ಗಾಯದ ಗೆರೆ. ಅಂಟು ತಗುಲಿ ಮೆತ್ತಗಾಗಿದ್ದ ಪ್ಲಾಸ್ಟಿಕ್ಕನ್ನು ಜೋಡಿಸುವಾಗ ಬರಿಗೈಯಲ್ಲಿ ಒತ್ತಿದ್ದಳು. ಆ ಅವಲಕ್ಷಣ ಯಾರಿಗೂ ಕಾಣದಿರಲೆಂದೇ ಮೂರು ಸಲ ಕೆಂಪು ಬಳಿದಿದ್ದಳು.

"ನಿನ್ನದೇ ಕಣೆ," ಎಂದಳು ಓಬಾಜ್ಜಿ. "ಚೀಟೀಲಿ ಯಾವನ ಹೆಸರಿದ್ರೇನು ಈಗ."

ಯಜಮಾನರ ಎದುರಿಗೇ ಕೈಗವಸು ಕಳಚಿ ಗುರುತಿನ ಮೇಲೆ ಹೆಬ್ಬೆರಳಿಡುವುದೆಂದು ಕಿನುಕೊ ನಿಶ್ಚಯಿಸಿದಳು.

ಯಜಮಾನರು ನಾಲ್ಕರ ಬದಲು ಎರಡೂವರೆಗೇ ಬಂದರು. ಹಿಂದೆ ಕತ್ಸುಮಾತ, ಮುಖ ಗಾಡಿಗಿಂತ ಬಿಳಿ. ಮುದುಕ ಯಜಮಾನರು ಬೆತ್ತಲೆ ಗಾಡಿಯನ್ನು ಅಂಗೈಯಲ್ಲಿಟ್ಟು ತಿರುಗಿಸಿದರು.

"ಬಣ್ಣದ ಡೌಲಿಲ್ಲ. ನಮ್ಮ ಪ್ಲಾಸ್ಟಿಕ್ಕು ನಮ್ಮ ಪ್ಲಾಸ್ಟಿಕ್ಕಿನ ಹಾಗೇ ಕಾಣ್ತಿದೆ. ಏಣಿ ನೋಡಿ, ಎಷ್ಟು ವಿನಯದಿಂದ ಬಾಗಿ ನಮಸ್ಕರಿಸ್ತಿದೆ. ಯಾರು ಮಾಡಿದ್ದು?"

"ನಾನೇ, ಯಜಮಾನರೇ," ಎಂದ ಕತ್ಸುಮಾತ.

ಕಿನುಕೊಳ ಬೆರಳು ಕೈಗವಸಿನ ಅಂಚಿಗೆ ಹೋಯಿತು.

"ಹಾಗಾದ್ರೆ ಗೌರವವೂ ನಿಮಗೇ. ಹೊಸ ವರ್ಷಕ್ಕೆ ವ್ಯಾಪಾರಿಗಳಿಗೆ ಕೊಡೋಕೆ ಇಂಥವೇ ಮುನ್ನೂರು ಬೇಕು. ಮಾಡಿದ ಕೈಯೇ ಮಾಡಬೇಕು. ಕೆಲಸ ಮುಗಿದ ಮೇಲೆ ಕೂತು, ಪ್ರೀತಿಯಿಂದ."

ಪ್ರೀತಿಯಿಂದ ಎಂದರೆ ಸಂಬಳವಿಲ್ಲದೆ ಎಂದು ಆ ಕಾರ್ಖಾನೆಯ ಬೆಕ್ಕಿಗೂ ಗೊತ್ತಿತ್ತು. ಕತ್ಸುಮಾತನ ಕೈ ಈಗ ನಿಜವಾಗಿ ನಡುಗಿತು. ಅವನ ಕಣ್ಣು ಗಾಡಿಯ ಮಾಡಿನ ಮೇಲೆ ಬಿತ್ತು.

"ಯಜಮಾನರೇ, ಸುಳ್ಳು ಹೇಳಬಾರದು. ಈ ಗುರುತು ನೋಡಿ, ಇದು ಕಿನುಕೊ ಸಾನ್ ಹೆಬ್ಬೆಟ್ಟು. ಚೀಟಿ ಬರೆದವರ ಕೈತಪ್ಪು."

"ಬರೆದವರು ಯಾರಪ್ಪ?" ಓಬಾಜ್ಜಿ ಕೇಳಿದಳು.

"ಅದೆಲ್ಲ ಈಗ್ಯಾಕೆ?" ಎನ್ನುತ್ತಲೇ ಅವನು ಚೀಟಿಯಿಂದ ತನ್ನ ಹೆಸರು ಹೊಡೆದು, ದುಂಡಗಿನ ಅಕ್ಷರದಲ್ಲಿ ಅವಳ ಹೆಸರು ಬರೆದು ಅವಳ ಮೂಗಿನ ಮುಂದೆ ಹಿಡಿದ. ಮೂರು ದಿನದಿಂದ ಅವಳು ಕೇಳುತ್ತಿದ್ದ ಹೆಸರು.

"ಹಾಗೋ," ಎಂದರು ಯಜಮಾನರು. "ಕೈಗವಸು ತೆಗೆದು ಹೆಬ್ಬೆರಳು ಇಲ್ಲಿಡಮ್ಮ, ನೋಡೇಬಿಡೋಣ."

ಕಿನುಕೊ ಬಲಗೈ ಕೈಗವಸನ್ನು ಮೊಣಕೈವರೆಗೆ ಎಳೆದುಕೊಂಡಳು. ಎಡಗೈ ಬೆರಳಿನಿಂದ ಅದನ್ನು ತೋರಿಸಿ, ಎದೆ ಸೆಟೆಸಿ, ಬೆಳಗಿನ ದನಿಯಲ್ಲಿ ಕೂಗಿದಳು.

"ಕೈಗವಸು, ಸರಿ!"

"ಸರಿ!" ಎಂದು ಅಭ್ಯಾಸಬಲದಿಂದ ಓಬಾಜ್ಜಿಯೂ ಮಸುಯಿಯೂ ದನಿಗೂಡಿಸಿದರು.

"ತೆಗೀರಿ ಅಂದ್ರಲ್ಲ ಯಜಮಾನರು," ಕತ್ಸುಮಾತ ಹಲ್ಲು ಕಡಿದ.

"ತೆಗೆಯಲ್ಲ," ಎಂದಳು ಕಿನುಕೊ.