ಮಂಡಕ್ಕಿಯ ಹೊಟ್ಟೆ ಉರಿ

"ಕೊಟ್ರಮ್ಮಾ, ಓಡಿ ಬಾ! ಇನ್ಮೇಲೆ ನಮ್ಮ ನಾಯಿ ಬೊಗಳಲ್ಲ, ಮಾತಾಡ್ತೈತೆ!"

ಗಂಡ ಮರುಳಸಿದ್ದಪ್ಪ ಹೀಗೆ ಕೂಗಿದಾಗ ಕೊಟ್ರಮ್ಮ ಕಿಟಕಿಗೆ ಅಂಟಿಕೊಂಡಿದ್ದಳು. ಸಂಜೆ ಐದು ಗಂಟೆ. ಎದುರುಮನೆಯ ವಿಶಾಲಾಕ್ಷಿ, ಆಕೆಯ ಗಂಡ ಮತ್ತು ಅವರ ನಾಯಿ ಸ್ವೀಟಿ ವಾಕಿಂಗಿಗೆ ಹೊರಡುವ ಹೊತ್ತು. ಅವರೇನು ಸುಮ್ಮನೆ ಹೋಗುತ್ತಾರೆಯೇ? ಗಂಡ ನಗುತ್ತಾನೆ, ಹೆಂಡತಿ ನಗುತ್ತಾಳೆ, ಆ ನಾಯಿಯೂ ನಕ್ಕ ಹಾಗೆ ಬಾಯಿ ತೆರೆಯುತ್ತದೆ! ಕೊಟ್ರಮ್ಮನ ಗಂಡ ಅವಳ ಜೊತೆ ಹೊರಗೆ ಹೆಜ್ಜೆಯಿಟ್ಟು ವರ್ಷವಾಗಿತ್ತು. ದಾವಣಗೆರೆಯ ಮಿಲ್ಲಿನಲ್ಲಿ ಮೆಕ್ಯಾನಿಕ್ ಆಗಿದ್ದವನು ನಿವೃತ್ತನಾದದ್ದೇ ತಡ, ವಿಜ್ಞಾನಿಯಾಗಿಬಿಟ್ಟಿದ್ದ.

ಬಿಳಿ ನಾಯಿ ಮಂಡಕ್ಕಿಯ ಕೊರಳಲ್ಲಿ ಒಂದು ಟಿಫಿನ್ ಡಬ್ಬಿ ನೇತಾಡುತ್ತಿತ್ತು.

"ಇದು ಬೊಗಳಾನುವಾದಕ! ಬೊಗಳಿದ್ದನ್ನ ಕನ್ನಡಕ್ಕೆ ತಿರುಗಿಸ್ತೈತೆ. ಟಿವಿ, ಫೋನು, ಮೈಕು, ಸುತ್ತ ಏನಿದ್ರೂ ತಾನೇ ಜೋಡ್ಕಂತೈತೆ. ಮನ್ಯಾಗಿರೋರನ್ನ ನೋಡಿ ತಾನೇ ಕಲೀತೈತೆ!"

ಅಷ್ಟರಲ್ಲಿ ಎದುರಿನ ಗೇಟು ಕಿರ್ರೆಂದಿತು. ಮಂಡಕ್ಕಿ ಕೊರಳೆತ್ತಿ ಬೊಗಳಿತು. ಡಬ್ಬಿಯೊಳಗಿನಿಂದ ಬಸ್ ನಿಲ್ದಾಣದಲ್ಲಿ ಕೇಳುವಂಥ ಹೆಣ್ಣುದನಿ ಹೊರಟಿತು: "ದಯವಿಟ್ಟು ಗಮನಿಸಿ. ಹೊಟ್ಟೆ ಉರಿ."

"ಯಾರ್ರೀ ಈಕಿ?" ಎಂದಳು ಕೊಟ್ರಮ್ಮ.

"ಯಂತ್ರ ಕಣೇ!"

"ದನಿ ಬಾಳ ನಯವಾಗೈತೆ. ದಿನಾ ಮಾತಾಡ್ತೀರೇನು ಈಕಿ ಜೊತೆ?"

"ಕೆಲಸದ ಮಾತು ಅಷ್ಟೇ. ಅದಿರ್ಲಿ, ರೋಗ ಗೊತ್ತಾತಲ್ಲ! ನಾಯಿಗೆ ಗ್ಯಾಸ್ಟ್ರಿಕ್ಕು!"

ಕೊಟ್ರಮ್ಮ ಜಗಳ ಮುಂದುವರಿಸಲಿಲ್ಲ. ಏಕೆಂದರೆ ದಿನವೂ ಗಂಟೆಗಟ್ಟಲೆ ನಡೆಯುವ ಈ ಬೊಗಳಾಟ ಕೇಳಿ ಕೇಳಿ ಸುಸ್ತಾಗಿದ್ದ ಓಣಿಯವರು ಒಂದು ಅರ್ಜಿ ಬರೆದಿದ್ದರು. ಭಾನುವಾರದೊಳಗೆ ನಾಯಿ ಸುಮ್ಮನಾಗದಿದ್ದರೆ ಅದನ್ನು ವಿಶಾಲಾಕ್ಷಿಯ ಅಣ್ಣನ ಕೋಳಿಫಾರಮ್ಮಿಗೆ ಕಳಿಸಬೇಕು! ಗಂಡ ಸ್ಕ್ರೂಡ್ರೈವರ್ ಹಿಡಿದು ಕೂತ ಮೇಲೆ ಕೊಟ್ರಮ್ಮನ ಮಾತಿಗೆ ಕಿವಿ ಅಲ್ಲಾಡಿಸುತ್ತಿದ್ದುದು ಮಂಡಕ್ಕಿ ಒಂದೇ. ಅದೂ ಕೋಳಿಗಳ ಪಾಲಾಗಬೇಕೆ?

ಚಿಕಿತ್ಸೆ ಶುರುವಾಯಿತು. ಗುರುವಾರ ಮಜ್ಜಿಗೆ. ಮಂಡಕ್ಕಿ ಕುಡಿಯಿತು, ಐದಕ್ಕೆ ಬೊಗಳಿತು. "ದಯವಿಟ್ಟು ಗಮನಿಸಿ. ಹೊಟ್ಟೆ ಉರಿ." ಶುಕ್ರವಾರ ಎಳನೀರು. ಬೊಗಳಾಟ ಎರಡರಷ್ಟಾಯಿತು. ಮರುಳಸಿದ್ದಪ್ಪ ಒದ್ದೆ ಟವೆಲ್ಲನ್ನು ನಾಯಿಯ ಹೊಟ್ಟೆಗೆ ಸುತ್ತಿದ. ನಾಯಿ ಟವೆಲ್ಲಿನ ಸಮೇತ ಓಡಿ ಅವನ ಚಪ್ಪಲಿಯ ಮೇಲೆ ಕಾಲೆತ್ತಿತು. ಶನಿವಾರ ಒಂದು ಕೊಡದ ತುಂಬ ಜೀರಿಗೆ ನೀರು ಕಾಯಿಸಿದರು. ಮಂಡಕ್ಕಿ ಮೂಸಿ ನೋಡಿ ಮುಖ ತಿರುಗಿಸಿತು.

ಅದೇ ಹೊತ್ತಿಗೆ ಅರ್ಜಿ ಹಿಡಿದು ವಿಶಾಲಾಕ್ಷಿ ಬಂದಳು. ಮೈಮೇಲೆ ಹೊಸ ಇಳಕಲ್ ಸೀರೆ!

"ನಾಳೇನೇ ಕೊನೇ ದಿನ, ಕೊಟ್ರಮ್ಮಾರೆ. ಸೀರೆ ಹೆಂಗೈತೆ? ಬ್ಯಾಡ ಬ್ಯಾಡ ಅಂದ್ರೂ ನಮ್ಮನೆಯವ್ರು ತಂದ್ಬಿಟ್ರು."

"ಬಾಳ ಚೆಂದೈತ್ರಿ," ಎಂದು ಕೊಟ್ರಮ್ಮ ಹಲ್ಲು ಬಿಗಿಹಿಡಿದು ನಕ್ಕಳು.

ಮಂಡಕ್ಕಿ ಬೊಗಳಿರಲೇ ಇಲ್ಲ. ಆದರೂ "ದಯವಿಟ್ಟು ಗಮನಿಸಿ," ಎಂದಿತು ಡಬ್ಬಿ. "ಹೊಟ್ಟೆ ಉರಿ! ಹೊಟ್ಟೆ ಉರಿ! ಹೊಟ್ಟೆ ಉರಿ!"

"ಅಯ್ಯೋ, ನಿಮಗೂ ಗ್ಯಾಸ್ಟ್ರಿಕ್ಕೇನ್ರಿ?" ಎಂದಳು ವಿಶಾಲಾಕ್ಷಿ.

ಕೊಟ್ರಮ್ಮನ ಮುಖ ಮೆಣಸಿನಕಾಯಿಯಂತಾಯಿತು. ವಿಶಾಲಾಕ್ಷಿ ಅತ್ತ ಹೋದದ್ದೇ ಇವಳು ನಾಯಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ಬೆಳಿಗ್ಗೆ ಬೊಗಳುವುದಿಲ್ಲ, ಮಧ್ಯಾಹ್ನ ಬೊಗಳುವುದಿಲ್ಲ. ಸರಿಯಾಗಿ ಐದಕ್ಕೆ, ಆ ಗೇಟು ಕಿರ್ರೆಂದಾಗ...

"ರೀ! ಇದು ಮಜ್ಜಿಗೆಗೆ ಆರೋ ಉರಿ ಅಲ್ಲ! ಮಿಲ್ಲಿಂದ ಬಂದ ಕೂಡ್ಲೇ ಇದನ್ನ ಸುತ್ತಾಡಿಸ್ತಿದ್ರಿ. ಈಗ ಆ ಸ್ವೀಟಿ ಹೋಗ್ತಾಳೆ, ಇದು ಕಟ್ಟಿಸ್ಕೊಂಡು ನೋಡ್ತಾ ಕೂತಿರ್ತೈತೆ."

"ಅಷ್ಟೇನಾ! ಮತ್ತೆ ನಿನ್ನ ಉರಿ?"

"ನಾನೂ ಅದನ್ನೇ ನೋಡ್ತಾ ಕೂತಿರ್ತೀನಿ."

ಮರುಳಸಿದ್ದಪ್ಪ ಸ್ಕ್ರೂಡ್ರೈವರ್ ಕೆಳಗಿಟ್ಟ.

ಭಾನುವಾರ ಐದಕ್ಕೆ ಎರಡೂ ಗೇಟುಗಳು ಒಟ್ಟಿಗೆ ಕಿರ್ರೆಂದವು. ಡಬ್ಬಿಯನ್ನು ಮೇಜಿನ ಮೇಲೆ ಬಿಟ್ಟು ಮೂವರೂ ಹೊರಟರು. ಕೊಟ್ರಮ್ಮ ತನ್ನ ಹಳೆಯ ಇಳಕಲ್ ಸೀರೆ ಉಟ್ಟಿದ್ದಳು. ಗಂಡ ಅದನ್ನು ಹೊಸದೆಂದುಕೊಂಡು ಹೊಗಳಿದ. ಅವಳೂ ತಿದ್ದಲು ಹೋಗಲಿಲ್ಲ. ಮಂಡಕ್ಕಿ ಸ್ವೀಟಿಯ ಪಕ್ಕದಲ್ಲೇ ಹಾದು ಹೋಯಿತು. ಒಂದು ಸಲವೂ ಬಾಯಿ ತೆರೆಯಲಿಲ್ಲ!

ಮರಳಿ ಬಂದರೆ ಓಣಿಯೇ ಬೀದಿಗಿಳಿದಿತ್ತು. ಎಲ್ಲರ ಟಿವಿಗಳೂ ಬೊಗಳುತ್ತಿದ್ದವು! ಫೋನುಗಳು ಬೊಗಳುತ್ತಿದ್ದವು! ತರಕಾರಿ ಗಾಡಿಯ ಮೈಕು "ಬದನೆಕಾಯಿ ಬೌ! ಟೊಮೆಟೊ ಬೌ ಬೌ!" ಎನ್ನುತ್ತಿತ್ತು.

"ನೋಡ್ರಿ ನಿಮ್ಮ ನಾಯಿ ಕೆಲಸ!" ಎಂದು ವಿಶಾಲಾಕ್ಷಿ ಅರ್ಜಿ ಎತ್ತಿ ಹಿಡಿದಳು.

"ನಮ್ಮ ನಾಯಿ ಇಲ್ಲೇ ಐತಲ್ರಿ," ಎಂದಳು ಕೊಟ್ರಮ್ಮ. ಮಂಡಕ್ಕಿ ಅವಳ ಕಾಲ ಬಳಿ ಬಾಲ ಅಲ್ಲಾಡಿಸುತ್ತ ಸುಮ್ಮನೆ ನಿಂತಿತ್ತು. ವಿಶಾಲಾಕ್ಷಿ ಅದನ್ನು ನೋಡಿದಳು, ಅರ್ಜಿಯನ್ನು ನೋಡಿದಳು, ಮೆಲ್ಲಗೆ ನಾಲ್ಕು ಮಡಿಕೆ ಮಾಡಿದಳು.

ಮನೆಯೊಳಗೆ, ಮೇಜಿನ ಮೇಲೆ ಒಂಟಿಯಾಗಿ ಕೂತ ಡಬ್ಬಿ ಮೈಯೆಲ್ಲ ನಡುಗಿಸುತ್ತ ಬೊಗಳುತ್ತಿತ್ತು. ನಡುನಡುವೆ ಅಳುದನಿ: "ದಯವಿಟ್ಟು ಗಮನಿಸಿ... ನನ್ನನ್ನು ಗಮನಿಸಿ!"

"ಎಲಾ ಇದರ! ಹೊಟ್ಟೆ ಉರಿ ಕಲ್ತುಬಿಟ್ಟೈತೆ!" ಮರುಳಸಿದ್ದಪ್ಪನ ಕಣ್ಣುಗಳು ಹೊಳೆದವು. ಕೈ ತಾನಾಗಿ ಸ್ಕ್ರೂಡ್ರೈವರಿನ ಕಡೆ ಹೋಯಿತು.

ಕೊಟ್ರಮ್ಮ ಆ ಕೈ ನೋಡಿದಳು. ಅಡುಗೆಮನೆಗೆ ಹೋಗಿ ಶನಿವಾರದ ಕೊಡ ತಂದು, ಡಬ್ಬಿಯ ಮುಚ್ಚಳ ತೆಗೆದು ಬಗ್ಗಿಸಿದಳು. ಚುಂಯ್ ಎಂದಿತು. "ದಯವಿಟ್ಟು ಗಮ..." ಎಂದಿತು. ಓಣಿಗೆ ಓಣಿಯೇ ತಣ್ಣಗಾಯಿತು.

"ನೋಡ್ರಿ," ಎಂದು ಅವಳು ಖಾಲಿ ಕೊಡ ಕೆಳಗಿಟ್ಟಳು. "ಜೀರಿಗೆ ನೀರು ಅಂತೂ ಒಬ್ರಿಗಾದ್ರೂ ನಾಟ್ತು."