ಹಸಿರು ಸಾಲಿನ ಹಳೇ ಉತ್ತರ

ಒಂದು ಕಡೆ ಸುಮ್ಮನೆ ಕೂಡುವುದು ನನ್ನ ಹಣೆಯಲ್ಲಿ ಬರೆದಿಲ್ಲ. ಒಲೆಯ ಮೇಲಿನ ಹಾಲನ್ನು ಮೂರು ಸಲ ಇಣುಕಿ ನೋಡಿ, ನಾಲ್ಕನೆಯ ಸಲ ಮರೆತು ಉಕ್ಕಿಸುವ ಜಾತಿ ನನ್ನದು. ಇಂಥವನಿಗೆ ದೇವರು ಕೊಟ್ಟ ನೌಕರಿಯಾದರೂ ಎಂಥದ್ದು? ವಿಜಯಪುರದ ಜಲನಗರದ ಮನೆಯಲ್ಲೇ ಕೂತು, ಎಲ್ಲೋ ದೂರದಲ್ಲಿರುವ ಮೇನ್‌ಫ್ರೇಮ್ ಎಂಬ ದೈತ್ಯ ಕಂಪ್ಯೂಟರಿನ ಆರೋಗ್ಯ ಕಾಯುವುದು! ಅದು ತನ್ನ ತಪಾಸಣೆಯನ್ನು ತಾನೇ ಮಾಡಿಕೊಳ್ಳುತ್ತದೆ. ಜಾಗ ಸಾಕಷ್ಟಿದೆಯೇ, ಬೀಗ ಭದ್ರವಿದೆಯೇ ಎಂದು ನೂರೆಂಟು ಪ್ರಶ್ನೆ, ಒಂದೊಂದಕ್ಕೂ ಒಂದೊಂದು ಹೊತ್ತು. ಸರಿಯಿದ್ದರೆ ಸಾಲು ಹಸಿರು, ತಪ್ಪಿದ್ದರೆ ಕೆಂಪು. ನೋಡುತ್ತಿರುವುದಷ್ಟೇ ನನ್ನ ಕೆಲಸ. ನಾನೋ, ಪರದೆ ಹೊಸ ಸುದ್ದಿ ತೋರಿಸಲೆಂದು ನಿಮಿಷಕ್ಕೆ ನಾಲ್ಕು ಸಲ ಎಂಟರ್ ಒತ್ತುತ್ತೇನೆ.

ಮೊನ್ನೆ ಸೋಮವಾರ ಡಿಸ್ಕಿನಲ್ಲಿ ಜಾಗ ಕಡಿಮೆಯೆಂದು ಒಂದು ಸಾಲು ಕೆಂಪಾಯಿತು. ಅಥಣಿ ರಸ್ತೆಯ ತನ್ನ ಮನೆಯಿಂದ ಕೆಲಸ ಮಾಡುವ ಜೊತೆಗಾರ ರಫೀಕ್ ಹತ್ತೇ ನಿಮಿಷದಲ್ಲಿ ಬೇಡದ ಫೈಲು ಅಳಿಸಿ ಜಾಗ ಮಾಡಿದ. ಕೆಂಪು ಮಾತ್ರ ಹೋಗಲಿಲ್ಲ. ಬೆರಳು ನೋಯುವವರೆಗೆ ಎಂಟರ್ ಒತ್ತಿದೆ. ಕಡೆಗೆ ರಫೀಕನಿಗೆ ಫೋನು ಹಚ್ಚಿದೆ.

“ಯಪ್ಪಾ, ಎಂಟರ್ ಯಾಕ ಬಡೀತೀರಿ? ಅದು ಮುಂಜಾನಿ ಹೇಳಿದ್ದ ಉತ್ತರಾನ ಮತ್ತ ಮತ್ತ ತೋರಸಾಕತ್ತೈತಿ. ಆ ತಪಾಸಣಿ ಆರು ತಾಸಿಗೊಮ್ಮೆ ಓಡತೈತ್ರಿ. ತಡೀರಿ, ಇಲ್ಲಾಂದ್ರ ನೀವ ಓಡಸ್ರಿ,” ಎಂದ ರಫೀಕ್. ಓಡಿಸಿದೆ, ಹಸಿರಾಯಿತು. “ಹಸಿರು ಕಂಡ್ರೂ ನಂಬಬ್ಯಾಡ್ರಿ. ಅದು ಯಾವಾಗಿಂದು ಅಂತ ಮದಲ ನೋಡ್ರಿ,” ಎಂದು ಬುದ್ಧಿ ಬೇರೆ ಹೇಳಿದ.

ಅಷ್ಟರಲ್ಲಿ ನನ್ನ ತಪಾಸಣೆಯ ಹೊತ್ತಾಯಿತು. ಹೆಂಡತಿ ಗಿರಿಜಾ ಬಬಲೇಶ್ವರದ ಶಾಲೆಯಲ್ಲಿ ಟೀಚರು. ದಿನಾ ಊಟದ ಬಿಡುವಿನಲ್ಲಿ ಅವಳ ಫೋನು, ಒಂದೇ ಪ್ರಶ್ನೆ: “ಬಿಪಿ ಗುಳಿಗಿ ತಗೊಂಡ್ರಿ?” ತಿಕೋಟಾದಲ್ಲಿರುವ ನಮ್ಮಣ್ಣ ಹೋದ ವರ್ಷ ಗುಳಿಗೆ ಬಿಟ್ಟು, ಲಕ್ವ ಹೊಡೆದು ಬಾಯಿ ಸೊಟ್ಟಗೆ ಮಾಡಿಕೊಂಡಿದ್ದ. ಅಂದಿನಿಂದ ಅವಳಿಗೆ ಭಯ. ನನಗೂ ಭಯವೇ, ಆದರೆ ಗುಳಿಗೆ ಹುಡುಕಿ ನೀರು ತರುವಷ್ಟು ತಾಳ್ಮೆಯಿಲ್ಲ.

“ಹ್ಞೂ, ತಗೊಂಡೆ. ಎಲ್ಲಾ ಬರೋಬ್ಬರಿ ಐತಿ,” ಎಂದೆ, ಎಂಟರ್ ಒತ್ತುತ್ತಲೇ. ಒಂದು ವಾರದಿಂದ ಹೇಳುತ್ತಿದ್ದದ್ದೂ ಇದನ್ನೇ.

ಅವಳು ಅಂದಳು: “ಗುಳಿಗಿ ಪಾಕೀಟ ಇವತ್ತ ನನ್ನ ಬ್ಯಾಗಿನ್ಯಾಗ ಐತ್ರಿ. ಇವತ್ತಿಂದು ಒಂದ ಗುಳಿಗಿ ಎಂಟರ್ ಗುಂಡಿ ಮಗ್ಗಲಕ ಇಟ್ಟ ಬಂದೇನಿ. ಐತಿ ಇಲ್ಲೋ ನೋಡ್ರಿ.”

ಇತ್ತು. ನನ್ನ ಕಿರುಬೆರಳಿಗೆ ತಾಗುವಷ್ಟು ಹತ್ತಿರ, ಮುಂಜಾನೆಯಿಂದ.

“ನಿಮ್ಮಣ್ಣಾರೂ ಹಿಂಗ ಹ್ಞೂ ಅಂತಿದ್ರು,” ಎಂದಳು. ನಾಚಿಕೆಯಿಂದ ನೆಲ ನೋಡಿದೆ. ಮೇನ್‌ಫ್ರೇಮ್ ಹೇಳಿದ್ದು ಹಳಸಿದ್ದಾದರೂ ನಿಜ. ನಾನು ಹೇಳಿದ್ದು ಬಿಸಿಬಿಸಿ ಸುಳ್ಳು. ಗುಳಿಗೆಯನ್ನು ನೀರಿಲ್ಲದೆ ನುಂಗಿದೆ.

ಈಗ ತಪಾಸಣೆ ವಿಡಿಯೋದಲ್ಲಿ. ಗುಳಿಗೆ ನುಂಗಿ, ನಾಲಗೆ ಎತ್ತಿ ತೋರಿಸಬೇಕು. ಅವಳ ಹಿಂದೆ ನಿಂತ ಟೀಚರುಗಳೂ ಇಣುಕುತ್ತಾರೆ. ಒಂದು ಕಡೆ ಕೂಡಲಾರದ ನಾನು ಬಾಯಿ ತೆರೆದು ಅಲ್ಲಾಡದೆ ಕೂಡುತ್ತೇನೆ. ನಿನ್ನೆ ಎಲ್ಲ ಮುಗಿಯಿತೆಂದು ಬಾಯಿ ಮುಚ್ಚಿದೆ. ನೆಟ್‌ವರ್ಕ್ ನಿಂತು, ಅವಳ ಫೋನಿನಲ್ಲಿ ನನ್ನ ಬಾಯಿ ತೆರೆದೇ ಉಳಿದಿತ್ತಂತೆ.

“ಇದು ಯಾವಾಗಿನ ಬಾಯಿ ರೀ?” ಎಂದಳು ಗಿರಿಜಾ. “ಇನ್ನೊಮ್ಮೆ ತೆಗೀರಿ.”